ಪಿಸ್ತೂಲಿನ ಪರವಾನಗಿ: ಪಟ್ಟ ಪಾಡಿಗೆ ತಕ್ಕ ಫಲವುಂಟೆ?

(ಹಂಗಾಮಿಗೆ ಮುನ್ನ ಗಟ ಕಚೇರಿಯ ಆವರಣದಲ್ಲಿ ಸೇರಿದ ಸದಸ್ಯ ಬೆಳೆಗಾರರ ಮೇಳಾವದಲ್ಲಿ ಅಕ್ಕಲಕೋಟ ಭಾಗದ ಹಿರಿಯ ಸದಸ್ಯರೊಬ್ಬರು ಮಾಡಿದ ಭಾಷಣದ ಪಾಠ. ಹಲವು ಸದಸ್ಯರ ಕೋರಿಕೆಯ ಮೇರೆಗೆ ಪ್ರಕಟಿಸಲಾಗಿದೆ.)



ನನಗಿಂತ ಮೊದಲು ಮಾತನಾಡಿದ ಕೃಷಿ ಅಧಿಕಾರಿಗಳು ಕೂಳೆ ಕಬ್ಬಿನ ಆರೈಕೆ, ಹನಿ ನೀರಾವರಿಗಳ ಬಗ್ಗೆ ಬೆಲೆಯುಳ್ಳ ಮಾತು ಹೇಳಿದರು. ನನ್ನ ವಿಷಯ ಆ ಸಾಲಿನದಲ್ಲ. ಆದರೆ ಊರು ಬಿಟ್ಟು ತೋಟದ ವಸ್ತಿಯಲ್ಲಿ ಮನೆ ಮಾಡಿಕೊಂಡ ನಮ್ಮ ತರುಣ ಸದಸ್ಯರು ನನ್ನನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಅದು. "ಕಾಕಾ, ನಿಮ್ಮ ಹತ್ತಿರ ರಿವಾಲ್ವರಿನ ಲೈಸೆನ್ಸು ಇತ್ತಲ್ಲ, ನಮಗೂ ಒಂದು ತೆಗೆಸುವುದು ಹ್ಯಾಂಗ? ಅದರ ಗೊಡವೆ ಪಡುವುದರಾಗ ಅರ್ಥ ಅದ ಏನು?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುವುದಕ್ಕಿಂತ ಎಲ್ಲರ ಮುಂದೆ ಒಮ್ಮೆ ಹೇಳಿಬಿಡುವುದು ಒಳ್ಳೆಯದೆಂದು ಅಧ್ಯಕ್ಷರ ಅಪ್ಪಣೆ ಪಡೆದು ನಿಂತಿದ್ದೇನೆ.

ನಾನು ವಕೀಲನಲ್ಲ. 14 ವರ್ಷ ಆ ವಸ್ತುವನ್ನು ಮನೆಯಲ್ಲಿಟ್ಟುಕೊಂಡು, ಆಮೇಲೆ ಬಿಟ್ಟುಕೊಟ್ಟವನು. ಎರಡೂ ಮಗ್ಗಲು ಕಂಡವನ ಮಾತೆಂದು ಕೇಳಿರಿ.

ನಾನು ಏಕೆ ತೆಗೆದುಕೊಂಡೆ

2009ರ ಹಂಗಾಮಿನಲ್ಲಿ ನಮ್ಮ ವಸ್ತಿಯಿಂದ ಒಂದು ಮೈಲು ಆಚೆ ಒಂದು ಮನೆಗೆ ದರೋಡೆಕೋರರು ನುಗ್ಗಿದರು. ಆಗೆಲ್ಲ ಕಬ್ಬಿನ ಬಿಲ್ಲು ಬಂತೆಂದರೆ ಬ್ಯಾಂಕಿನಿಂದ ನೋಟಿನ ಕಟ್ಟು ತಂದು ಟ್ರಂಕಿನಲ್ಲಿಡುವ ರೂಢಿ. ಹಣ ಹೋಯಿತು, ಬಂಗಾರ ಹೋಯಿತು, ಮನೆಯ ಯಜಮಾನನ ತೋಳು ಮುರಿಯಿತು. ಮರುದಿನ ನೋಡಲು ಹೋದಾಗ ಆತ ನನ್ನ ಕೈ ಹಿಡಿದು, "ಮಕ್ಕಳ ಎದುರಿಗೆ ಹೊಡೆದರು" ಎಂದಷ್ಟೇ ಹೇಳಿದ. ಆ ಮಾತು ನನ್ನ ನಿದ್ದೆ ಕೆಡಿಸಿತು. ಅರ್ಜಿ ಹಾಕಿದೆ. 2010ರಲ್ಲಿ ಪರವಾನಗಿ ಬಂತು. ಕಾನಪುರದ ಸರಕಾರಿ ಕಾರಖಾನೆಯಲ್ಲಿ ತಯಾರಾದ, ಆರು ಗುಂಡಿನ .32 ರಿವಾಲ್ವರ್ ತಂದೆ.

ಅರ್ಜಿ ಹಾಕಿದ ಮೇಲೆ ಕೈಗೆ ಬರುವವರೆಗೆ 11 ತಿಂಗಳು ಹಿಡಿಯಿತು. ಅದರಲ್ಲಿ ಅರ್ಧ ತಪ್ಪು ನನ್ನದೇ. ಸಾತ್‌ಬಾರಾ ಉತಾರೆಯಲ್ಲಿ ನನ್ನ ಹೆಸರು ಒಂದು ರೀತಿ, ಶಾಲೆಯ ದಾಖಲೆಯಲ್ಲಿ ಇನ್ನೊಂದು ರೀತಿ. ಒಂದರಲ್ಲಿ ಅಪ್ಪ ಇಟ್ಟ ಹೆಸರು, ಇನ್ನೊಂದರಲ್ಲಿ ಮಾಸ್ತರರು ಬರೆದದ್ದು. ಇಬ್ಬರೂ ಒಬ್ಬನೇ ಎಂದು ರುಜುವಾತು ಮಾಡಲು ನಾಲ್ಕು ತಿಂಗಳು ತಿರುಗಿದೆ.

ಕಾಯದೆ ಏನು ಹೇಳುತ್ತದೆ

ಈಗ ನಿಮಗೆ ಬೇಕಾದ ಮುಖ್ಯ ಸಂಗತಿ. 1959ರ ಆಯುಧ ಕಾಯದೆಯ 13ನೆಯ ಕಲಮು ಬಂದೂಕಿಗೂ ಪಿಸ್ತೂಲಿಗೂ ದೊಡ್ಡ ಭೇದ ಮಾಡುತ್ತದೆ. 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ನುಣುಪು ನಳಿಗೆ ಬಂದೂಕನ್ನು ರಕ್ಷಣೆಗೆಂದು, ಅಥವಾ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು ಬೆಳೆ ಕಾಯಲೆಂದು ಕೇಳಿದರೆ, ಅರ್ಜಿದಾರನಲ್ಲಿ ಕಾಯದೆ ಹೇಳುವ ಅಡ್ಡಿಗಳಿಲ್ಲದಿದ್ದರೆ ಅಧಿಕಾರಿ ಪರವಾನಗಿ ಕೊಡಬೇಕು. ಪಿಸ್ತೂಲು, ರಿವಾಲ್ವರುಗಳ ಮಾತು ಹಾಗಲ್ಲ. ಅಲ್ಲಿ "ನನಗೆ ಸಕಾರಣವಿದೆ" ಎಂದು ನೀವು ಮನದಟ್ಟು ಮಾಡಿಕೊಡಬೇಕು. "ನಾನು ವಸ್ತಿಯಲ್ಲಿರುತ್ತೇನೆ, ಭಯವಾಗುತ್ತದೆ" ಎಂಬುದು ಸಾಲದೆ ಹೋಗಬಹುದು. ಬೆದರಿಕೆ ಬಂದ ದೂರು, ದಾಖಲಾದ ಪ್ರಕರಣ, ಹಣ ಸಾಗಿಸುವ ವ್ಯವಹಾರ, ಇಂಥ ಆಧಾರ ಬೇಕು. ಹಾಗಿದ್ದೂ ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶವುಂಟು.

21 ವರ್ಷ ತುಂಬಿರಬೇಕು. ಗ್ರಾಮೀಣ ಭಾಗಕ್ಕೆ ಜಿಲ್ಲಾಧಿಕಾರಿಗಳು, ಸೋಲಾಪುರ ಶಹರದಲ್ಲಿ ಪೋಲೀಸ ಆಯುಕ್ತರು ಪರವಾನಗಿ ಕೊಡುವವರು. ನನ್ನ ಕಾಲಕ್ಕೆ ಕೈಬರಹದ ಅರ್ಜಿ ಇತ್ತು, ಈಗ ಆನ್‌ಲೈನ್ ಆಗಿದೆ. 2016ರ ಆಯುಧ ನಿಯಮಗಳ ಪ್ರಕಾರ ಪೋಲೀಸರು 30 ದಿನದಲ್ಲಿ ವರದಿ ಕೊಡಬೇಕು, ವರದಿ ಬಂದ 60 ದಿನದಲ್ಲಿ ಅಧಿಕಾರಿ ತೀರ್ಮಾನ ಮಾಡಬೇಕು. ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿ ಆಗಿರಬೇಕು, ಇಡಲು ಬೀಗದ ಭದ್ರ ಜಾಗ ಇರಬೇಕು. ಪ್ರತಿಯೊಂದು ಪರವಾನಗಿಗೂ ಈಗ ದೇಶಕ್ಕೆಲ್ಲ ಒಂದೇ ಸಾಲಿನ ಗುರುತಿನ ಸಂಖ್ಯೆ ಇದೆ. 2019ರ ತಿದ್ದುಪಡಿಯಿಂದ ಎರಡು ಬದಲಾವಣೆಯಾದವು. ಒಬ್ಬನಿಗೆ ಮೂರರ ಬದಲು ಎರಡೇ ಆಯುಧ, ಪರವಾನಗಿಯ ಅವಧಿ ಮೂರು ವರ್ಷದ ಬದಲು ಐದು ವರ್ಷ.

ಖರ್ಚಿನ ಲೆಕ್ಕವನ್ನೂ ನಮ್ಮ ಭಾಷೆಯಲ್ಲೇ ಮಾಡೋಣ. ಸರಕಾರಿ ಶುಲ್ಕ ದೊಡ್ಡದಲ್ಲ, ಆಯುಧದ ಬೆಲೆ ದೊಡ್ಡದು. ಲಕ್ಷ ರೂಪಾಯಿ ಎಂದು ಹಿಡಿಯಿರಿ. 2025-26ರ ಹಂಗಾಮಿಗೆ ಕೇಂದ್ರ ಸರಕಾರ ಗೊತ್ತುಪಡಿಸಿದ ಎಫ್‌ಆರ್‌ಪಿ ಶೇ. 10.25 ಇಳುವರಿಗೆ ಟನ್ನಿಗೆ 3,550 ರೂಪಾಯಿ. ಅಂದರೆ ಕಟಾವು-ಸಾಗಾಣಿಕೆ ಕಡಿಯುವ ಮೊದಲೇ 28 ಟನ್ನು ಕಬ್ಬು ಆ ಒಂದು ಕಬ್ಬಿಣಕ್ಕೆ ಹೋಯಿತು. ಗುಂಡು, ಪೆಟ್ಟಿಗೆ, ತಿರುಗಾಟದ ಬಸ್ ಚಾರ್ಜು ಬೇರೆ.

ಇಷ್ಟನ್ನು ಕೇಳಿ "ಇದೇ ಗೊಡವೆಯಾದರೆ ಪಡೋಣ" ಎನ್ನುವವರು ನಿಮ್ಮಲ್ಲಿದ್ದಾರೆ. ಕಾಗದಪತ್ರದ ಗೊಡವೆ ಒಂದು ದಿನ ಮುಗಿಯುತ್ತದೆ, ಅದಕ್ಕೆ ನಾನೂ ಹೆದರಲಿಲ್ಲ. ನಿಜವಾದ ಗೊಡವೆ ಶುರುವಾಗುವುದು ವಸ್ತು ಮನೆಗೆ ಬಂದ ಮೇಲೆ.

ಮನೆಗೆ ಬಂದ ಮೇಲೆ

ಮೊದಲ ರಾತ್ರಿಯೇ ಒಂದು ಪ್ರಶ್ನೆ ಎದ್ದಿತು. ಇದನ್ನು ಎಲ್ಲಿಡುವುದು? ನಿಯಮದಂತೆ ಬೀಗದೊಳಗಿಟ್ಟರೆ ಕಳ್ಳ ಬಂದಾಗ ಕೈಗೆ ಸಿಗದು. ದಿಂಬಿನ ಕೆಳಗಿಟ್ಟರೆ ಮೊಮ್ಮಗನ ಕೈಗೆ ಸಿಕ್ಕೀತು. 14 ವರ್ಷ ನಾನು ಈ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಿಕೊಳ್ಳಲಿಲ್ಲ. ಮದುವೆ ಮುಂಜಿಗೆ ಮನೆಮಂದಿಯೆಲ್ಲ ಹೋಗಬೇಕಾದಾಗ ಒಬ್ಬರು ಉಳಿಯಬೇಕು, ಏಕೆಂದರೆ ಮನೆಯಲ್ಲಿ ರಿವಾಲ್ವರ್ ಇದೆ. ಮನೆ ಕಾಯಲು ತಂದದ್ದನ್ನು ನಾವು ಕಾಯಬೇಕಾಯಿತು.

ಜೊತೆಗೆ ಒಯ್ಯೋಣವೆಂದರೆ ನಾವಿರುವುದು ಗಡಿಯ ಮೇಲೆ. ಪರವಾನಗಿಯಲ್ಲಿ ಯಾವ ಪ್ರದೇಶ ಬರೆದಿದೆಯೋ ಅಲ್ಲಿ ಮಾತ್ರ ಅದು ನಡೆಯುತ್ತದೆ. ನನ್ನದರಲ್ಲಿ ಮಹಾರಾಷ್ಟ್ರ ಎಂದಿತ್ತು. ನಮ್ಮ ಬೀಗರು ಆಳಂದದಲ್ಲಿ, ಮಗಳು ಇಂಡಿಯಲ್ಲಿ, ಹುಣ್ಣಿಮೆಗೆ ಹೋಗುವುದು ಗಾಣಗಾಪುರಕ್ಕೆ. ನಮಗೆ ಗಡಿಯೆಂದರೆ ರಸ್ತೆಯ ಬದಿಯ ಒಂದು ಹಲಗೆ. ಆದರೆ ಸೊಂಟದಲ್ಲಿ ಆಯುಧವಿದ್ದರೆ ಆ ಹಲಗೆ ದಾಟಿದ ಕ್ಷಣದಿಂದ ನೀವು ಅಪರಾಧಿ. ದತ್ತನ ದರ್ಶನಕ್ಕೆ ಹೋದವನು ಠಾಣೆಯ ದರ್ಶನ ಮಾಡಿ ಬರಬೇಕಾದೀತು.

ಚುನಾವಣೆ ಬಂದರೆ ಪರವಾನಗಿಯುಳ್ಳವರ ಪಟ್ಟಿ ಪರಿಶೀಲನಾ ಸಮಿತಿಯ ಮುಂದೆ ಹೋಗುತ್ತದೆ. ಯಾರಿಗೆ ಸೂಚನೆ ಬರುತ್ತದೋ ಅವರು ಆಯುಧವನ್ನು ಜಮಾ ಮಾಡಬೇಕು. 2024ರಲ್ಲಿ ಮೇ 7ಕ್ಕೆ ನಮ್ಮಲ್ಲಿ ಲೋಕಸಭೆಯ ಮತದಾನ, ನವೆಂಬರ್ 20ಕ್ಕೆ ವಿಧಾನಸಭೆಯದು. ಒಂದೇ ವರ್ಷದಲ್ಲಿ ಎರಡು ಸಲ ಠಾಣೆಗೆ ಒಯ್ದು ಕೊಟ್ಟು ರಸೀದಿ ತಂದೆ.

ಮದುವೆಯ ಮೆರವಣಿಗೆಯಲ್ಲಿ ಗಾಳಿಗೆ ಒಂದು ಗುಂಡು ಹಾರಿಸಿದರೆ ಶೋಭೆ ಎಂದು ತಿಳಿದ ತರುಣರಿಗೆ ಒಂದು ಮಾತು. 2019ರ ತಿದ್ದುಪಡಿಯ ಪ್ರಕಾರ ಜನರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮದ ಗುಂಡು ಹಾರಿಸಿದವನಿಗೆ ಎರಡು ವರ್ಷದವರೆಗೆ ಸಜೆ, ಅಥವಾ ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪರವಾನಗಿ ಇದೆ ಎಂಬುದು ಅಲ್ಲಿ ರಕ್ಷಣೆಯಲ್ಲ.

ಹಂದಿ, ಚಿರತೆ, ಮೋಟರ ಕಳ್ಳ

ಹಲವರು ಹೇಳುವ ಕಾರಣ ಕಾಡುಹಂದಿ. ಕಬ್ಬನ್ನು ಹಂದಿ ಮುರಿದು ಹಾಕುವುದು ನನ್ನ ತೋಟದಲ್ಲೂ ಉಂಟು. ಆದರೆ ಪಿಸ್ತೂಲು ಹಂದಿಗೆ ಆಗುವ ಆಯುಧವಲ್ಲ, ರಾತ್ರಿ ಎತ್ತರದ ಕಬ್ಬಿನಲ್ಲಂತೂ ಅಲ್ಲವೇ ಅಲ್ಲ. ಮೇಲಾಗಿ ಆಯುಧದ ಪರವಾನಗಿ ಬೇರೆ, ಪ್ರಾಣಿಯನ್ನು ಕೊಲ್ಲುವ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯ ಪ್ರಕಾರ ಹಂದಿಗೂ ಅರಣ್ಯ ಇಲಾಖೆಯ ಅನುಮತಿ ಬೇಕು. ಚಿರತೆಯ ಮಾತು ಇನ್ನೂ ಬಿಗಿ. 2020ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ಕರಮಾಳಾ ತಾಲೂಕಿನಲ್ಲಿ ಜನರನ್ನು ಕೊಂದ ಚಿರತೆಯನ್ನು ಗುಂಡಿಕ್ಕಿ ಕೊಂದದ್ದು ನಿಮಗೆ ನೆನಪಿರಬಹುದು. ಅದೂ ಅರಣ್ಯ ಇಲಾಖೆಯ ಆದೇಶದ ಮೇಲೆ, ನೇಮಿಸಿದ ಗುರಿಗಾರನಿಂದ. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ. ಹುಡುಕಿಕೊಂಡು ಹೋಗಿ ಹೊಡೆದರೆ ಅಪರಾಧ.

ಇನ್ನು ಮೋಟರ, ಕೇಬಲ್ಲು ಕದಿಯುವವರು. ಸಿಟ್ಟು ನನಗೂ ಬರುತ್ತದೆ. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳನ್ನು ಯಾರಿಂದಲಾದರೂ ಓದಿಸಿ ಕೇಳಿರಿ. ಆತ್ಮರಕ್ಷಣೆಯ ಹಕ್ಕು ನಮಗಿದೆ. ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೋಲೀಸರನ್ನು ಕರೆಯಲು ವೇಳೆಯಿದ್ದರೆ ಆ ಹಕ್ಕೂ ಇಲ್ಲ. ಸ್ವತ್ತಿನ ರಕ್ಷಣೆಗಾಗಿ ಜೀವ ತೆಗೆಯುವವರೆಗೆ ಹೋಗಬಹುದಾದ ಸಂದರ್ಭಗಳು ಕೆಲವೇ. ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆ ಒಡೆಯುವುದು, ವಾಸದ ಮನೆಗೆ ಬೆಂಕಿ ಇಡುವುದು, ಇಲ್ಲವೆ ಪ್ರಾಣಾಪಾಯದ ನ್ಯಾಯವಾದ ಭಯ ಹುಟ್ಟಿಸುವಂಥ ಕಳ್ಳತನ, ಅತಿಕ್ರಮಣ. ಬಾವಿಯ ದಂಡೆಯಲ್ಲಿ ಮೋಟರ ಬಿಚ್ಚಿಕೊಂಡು ಓಡುವವನ ಬೆನ್ನಿಗೆ ಗುಂಡು ಹೊಡೆದರೆ ಮೋಟರು ಉಳಿದೀತು, ನೀವು ಉಳಿಯಲಾರಿರಿ.

ಒಂದು ರಾತ್ರಿ

ಬಂಧುಗಳೆ, ಇಲ್ಲಿಯವರೆಗೆ ಹೇಳಿದ್ದು ಲೆಕ್ಕದ ಮಾತು. ಇನ್ನೊಂದು ಮಾತನ್ನು ನಾನು ಈವರೆಗೆ ಮನೆಯ ಹೊರಗೆ ಹೇಳಿಲ್ಲ.

ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳು. ಬೀಡ ಕಡೆಯಿಂದ ಬಂದ ಕಬ್ಬು ಕಡಿಯುವವರ ಟೋಳಿ ನಮ್ಮ ತೋಟದ ಮಗ್ಗುಲಲ್ಲೇ ಕೊಪ್ಪಿ ಹಾಕಿಕೊಂಡಿತ್ತು. ಆ ವಾರ ನಮ್ಮ ಫೀಡರಿಗೆ ರಾತ್ರಿಯ ಕರೆಂಟು. ನೀರು ಬಿಡುವ ಆಳು ಕಬ್ಬಿನೊಳಗಿದ್ದ. ರಾತ್ರಿ ಎರಡರ ಸುಮಾರಿಗೆ ನಾಯಿ ಒಂದೇ ಸಮನೆ ಬೊಗಳಿತು. ಯಾರೋ ಬಾಗಿಲನ್ನು ದಬದಬ ಬಡಿದರು. ನಾನು ಪೆಟ್ಟಿಗೆಯ ಬೀಗ ತೆಗೆದು, ರಿವಾಲ್ವರ್ ಹಿಡಿದು, ಕಿಟಕಿಯ ಸಂದಿಯಲ್ಲಿ ನೋಡಿದೆ. ತಲೆತುಂಬ ಕಂಬಳಿ ಹೊದ್ದವನೊಬ್ಬ ನಿಂತಿದ್ದ. ಸೊಂಟದಲ್ಲಿ ಕೊಯಿತಾ. "ಯಾರು?" ಎಂದು ಕೂಗಿದೆ. ನಾಯಿಯ ಬೊಗಳಿಕೆಯಲ್ಲಿ ಆತ ಏನೋ ಅಂದದ್ದು ಕೇಳಿಸಲಿಲ್ಲ. ಮತ್ತೆ ಬಾಗಿಲು ಬಡಿದ. ನನ್ನ ಕಣ್ಣ ಮುಂದೆ 2009ರ ಆ ಮನೆ ನಿಂತಿತು. ಬಾಗಿಲ ಅಗಳಿ ಸರಿಸಿ, ಗುರಿ ಹಿಡಿದು, ಬೆರಳನ್ನು ಕುದುರೆಯ ಮೇಲೆ ಇಟ್ಟೆ.

ಹಿಂದಿನಿಂದ ನನ್ನ ಮನೆಯವಳು ತೋಳು ಹಿಡಿದಳು. "ತಡೀರಿ! ಅವನ ಕೈಯಾಗ ಕೂಸು ಅದ" ಅಂದಳು.

ಕಂಬಳಿಯೊಳಗೆ ನಾಲ್ಕು ವರ್ಷದ ಹುಡುಗಿ ಇದ್ದಳು, ಚೇಳು ಕಡಿದಿತ್ತು. ಆತ ಅಷ್ಟು ಹೊತ್ತೂ ಕೂಗುತ್ತಿದ್ದದ್ದು "ಮಾಲಕ, ಗಾಡಿ" ಎಂದು. ಜೀಪು ತೆಗೆದು ದವಾಖಾನೆಗೆ ಓಡಿಸಿದೆವು. ಹುಡುಗಿ ಉಳಿದಳು. ಬೆಳಗಿನ ಜಾವ ಡಾಕ್ಟರು ಬಂದು ಚಿಂತೆಯಿಲ್ಲವೆಂದಾಗ ಬೆಂಚಿನ ಮೇಲೆ ಕುಳಿತೆ. ಆಗ ಸೊಂಟಕ್ಕೆ ಏನೋ ಒತ್ತಿತು. ಆರು ಗುಂಡು ತುಂಬಿದ ರಿವಾಲ್ವರ್ ದವಾಖಾನೆಯಲ್ಲಿ, ರೋಗಿಗಳ ನಡುವೆ, ನನ್ನ ನಡುವಿನಲ್ಲಿತ್ತು.

ಆತನಿಗೆ ಏನೂ ಗೊತ್ತಾಗಲಿಲ್ಲ. ಮರುದಿನ ನಮ್ಮ ಎಮ್ಮೆಗೆಂದು ಹಸಿ ಸೋಗೆಯ ಒಂದು ಹೊರೆ ತಂದು ಹಾಕಿ, ಕೈಮುಗಿದು ಹೋದ. ಆ ನಮಸ್ಕಾರವನ್ನು ನಾನು ತಲೆಯೆತ್ತಿ ಸ್ವೀಕರಿಸಲಾರದೆ ಹೋದೆ.

ಆಮೇಲೆ ಯೋಚಿಸಿ ನೋಡಿದೆ. ಅಷ್ಟು ವರ್ಷಗಳಲ್ಲಿ ರಾತ್ರಿ ನನ್ನ ಬಾಗಿಲು ಬಡಿದವರು ಯಾರು ಯಾರು? ನೀರು ಬಿಡುವ ಆಳು, ಗಾಡಿಗೆ ಡಿಸೇಲು ಕೇಳಿದ ಟ್ರಾಕ್ಟರ ಚಾಲಕ, ಹೆರಿಗೆ ನೋವಿನ ಸುದ್ದಿ ತಂದ ಅಣ್ಣನ ಮಗ, ಈ ಕಡಿಯುವವ. ದರೋಡೆಕೋರ ಒಮ್ಮೆಯೂ ಬರಲಿಲ್ಲ. ನಮ್ಮ ಕಸಬು ಹಗಲು-ರಾತ್ರಿಯದು. ಹಂಗಾಮಿನಲ್ಲಿ ಕತ್ತಲೆಯಲ್ಲಿ ಓಡಾಡುವವರು ಬಹುತೇಕ ನಮ್ಮವರೇ.

2024ರ ನವೆಂಬರಿನಲ್ಲಿ ಎರಡನೆಯ ಸಲ ರಿವಾಲ್ವರನ್ನು ಠಾಣೆಯಲ್ಲಿ ಜಮಾ ಮಾಡಿ ಬಂದ ರಾತ್ರಿ ನನಗೆ ಗಾಢ ನಿದ್ದೆ ಬಂತು. ಮತದಾನ ಮುಗಿದ ಮೇಲೆ ಹಿಂದೆ ತರಲಿಲ್ಲ. ಅರ್ಜಿ ಕೊಟ್ಟು, ಅನುಮತಿ ಪಡೆದು, ಅಧಿಕೃತ ವ್ಯಾಪಾರಿಯ ಮೂಲಕ ಪರವಾನಗಿಯುಳ್ಳ ಇನ್ನೊಬ್ಬರಿಗೆ ಮಾರಿದೆ. ಪರವಾನಗಿಯನ್ನು ಒಪ್ಪಿಸಿಬಿಟ್ಟೆ.

ಯಾರಿಗೆ ಬೇಕು, ಯಾರಿಗೆ ಬೇಡ

ಹಾಗೆಂದು ಯಾರಿಗೂ ಬೇಡವೆಂದು ನಾನು ಹೇಳುವುದಿಲ್ಲ. ಹೆಸರು ಹಿಡಿದು ಜೀವಬೆದರಿಕೆ ಬಂದವರು, ದಿನಾಲೂ ನಗದು ಸಾಗಿಸಲೇಬೇಕಾದವರು, ಅವರಿಗೆ ಕಾರಣವಿದೆ. ಅಂಥವರು ಕಾಯದೆಯ ದಾರಿಯಲ್ಲೇ ಹೋಗಲಿ. ಯಾರೂ ಅಡ್ಡದಾರಿ ಹಿಡಿಯಬೇಡಿ. ಪರವಾನಗಿಯಿಲ್ಲದ ಗಾವಠಿ ಪಿಸ್ತೂಲು ಬರೇ ಮನೆಯಲ್ಲಿ ಸಿಕ್ಕರೂ ಎರಡರಿಂದ ಐದು ವರ್ಷದ ಸಜೆ. ಉಳಿದವರು ಅರ್ಜಿ ಬರೆಯುವ ಮೊದಲು ಈ ಪ್ರಶ್ನೆಗಳನ್ನು ತಮ್ಮನ್ನು ತಾವೇ ಕೇಳಿಕೊಳ್ಳಿರಿ.

1. ನನಗಿರುವ ಭಯಕ್ಕೆ ಹೆಸರಿದೆಯೆ? ಯಾರಿಂದ, ಏಕೆ ಎಂದು ಹೇಳಬಲ್ಲೆನೆ?

2. ತಿಂಗಳಿಗೊಮ್ಮೆಯಾದರೂ ಬಿಚ್ಚಿ, ಒರಸಿ, ವರ್ಷಕ್ಕೊಮ್ಮೆಯಾದರೂ ಅಧಿಕೃತ ಜಾಗದಲ್ಲಿ ಗುರಿ ಅಭ್ಯಾಸ ಮಾಡುವ ವ್ಯವಧಾನ ನನಗಿದೆಯೆ? ಅಭ್ಯಾಸವಿಲ್ಲದ ಕೈಯಲ್ಲಿ ಆಯುಧ ಮೊದಲು ಮನೆಯವರಿಗೇ ಅಪಾಯ.

3. ನನ್ನ ಮನೆಯಲ್ಲಿ ಕುಡಿತವಿದೆಯೆ? ಬದುವಿನ ಜಗಳವಿದೆಯೆ? ಸಾಲದ ಹೊರೆಯಿಂದ ಮನಸ್ಸು ಕುಗ್ಗಿದವರು ಯಾರಾದರೂ ಇದ್ದಾರೆಯೆ? ಇವುಗಳಲ್ಲಿ ಒಂದಕ್ಕೆ ಹೌದೆಂದಾದರೂ ಆಯುಧವನ್ನು ಮನೆಯೊಳಗೆ ತರಲೇಬೇಡಿರಿ. ಕೆಟ್ಟ ರಾತ್ರಿಯೊಂದು ಕಳೆದುಹೋಗುತ್ತದೆ, ಆದರೆ ಕೈಗೆ ಆಯುಧ ಸಿಕ್ಕರೆ ಬೆಳಗಾಗುವವರೆಗೆ ಕಾಯುವ ಅವಕಾಶ ಉಳಿಯುವುದಿಲ್ಲ.

4. ನನ್ನ ಹಿಂದೆ ಇದನ್ನು ಯಾರು ನೋಡಿಕೊಳ್ಳುವರು? ಪರವಾನಗಿ ಹೊಲದಂತೆ ವಾರಸಾ ಹಕ್ಕಿನಿಂದ ಬರುವುದಿಲ್ಲ. ಯಜಮಾನ ತೀರಿಕೊಂಡರೆ ಆಯುಧವನ್ನು ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯಲ್ಲಿ ಜಮಾ ಮಾಡಿ, ವಾರಸುದಾರ ತನ್ನ ಹೆಸರಿಗೆ ಬೇರೆ ಅರ್ಜಿ ಹಾಕಬೇಕು. ಪರವಾನಗಿದಾರನಿಗೆ 70 ವರ್ಷ ತುಂಬಿದರೆ, ಅಥವಾ ಆಯುಧ ಇಟ್ಟುಕೊಂಡು 25 ವರ್ಷವಾದರೆ, ಬದುಕಿರುವಾಗಲೇ ವಾರಸುದಾರನ ಹೆಸರು ಸೂಚಿಸಬಹುದು. ಇದು ಗೊತ್ತಿಲ್ಲದೆ ಅಜ್ಜನ ಬಂದೂಕನ್ನು ಅಟ್ಟದ ಮೇಲೆ ಇಟ್ಟುಕೊಂಡವರು ನಿಮ್ಮಲ್ಲಿದ್ದರೆ ಇವತ್ತೇ ಪೋಲೀಸ ಪಾಟೀಲರನ್ನು ಕಾಣಿರಿ.

ಲಕ್ಷ ರೂಪಾಯಿಗೆ ವಸ್ತಿಯನ್ನು ಕಾಯುವ ಬೇರೆ ದಾರಿಗಳೂ ಇವೆ. ಬಿಲ್ಲಿನ ಹಣ ಈಗ ನೇರ ಖಾತೆಗೆ ಬರುತ್ತದೆ, ಅದನ್ನು ಅಲ್ಲೇ ಇರಗೊಡಿರಿ. ಬಂಗಾರವನ್ನು ಬ್ಯಾಂಕಿನ ಲಾಕರಿನಲ್ಲಿಡಿರಿ. ಅಂಗಳಕ್ಕೆ ಸೌರ ದೀಪ, ಗಟ್ಟಿ ಬಾಗಿಲು, ಬಾಗಿಲಲ್ಲಿ ಹೊರಗಿನವರನ್ನು ನೋಡುವ ಕಿಂಡಿ, ಒಂದೆರಡು ಒಳ್ಳೆಯ ನಾಯಿ ಇರಲಿ. 112 ಸಂಖ್ಯೆಯನ್ನು ಮನೆಯ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಬಾಯಿಪಾಠ ಮಾಡಿಸಿರಿ. ಸುತ್ತಲಿನ ನಾಲ್ಕು ವಸ್ತಿಗಳು ಸೇರಿ, ಅಪಾಯವಾದರೆ ಒಬ್ಬರಿಗೊಬ್ಬರು ಫೋನು ಮಾಡುವ ಕಟ್ಟುಪಾಡು ಮಾಡಿಕೊಳ್ಳಿರಿ. ನಾವು ಸಹಕಾರಿಗಳು. ಒಬ್ಬೊಬ್ಬರೇ ಗಾಣ ಹಾಕುವುದನ್ನು ಬಿಟ್ಟು ಕೂಡಿ ಕಾರಖಾನೆ ಕಟ್ಟಿದವರು ಕೂಡಿ ಕಾವಲು ಮಾಡಲಾರೆವೆ?

ಒಂದು ಮಾತು ಹೇಳಿ ಮುಗಿಸುತ್ತೇನೆ. ಹಂಗಾಮು ಶುರುವಾಗುತ್ತಿದೆ. ಟೋಳಿಗಳು ಬರುತ್ತವೆ, ಅವರ ಕೊಪ್ಪಿಗಳು ನಮ್ಮ ತೋಟದ ಅಂಚಿನಲ್ಲಿ ಏಳುತ್ತವೆ. ನಿಮ್ಮ ಬಾಗಿಲೆದುರಿಗೆ ರಾತ್ರಿಯಿಡೀ ಒಂದು ದೀಪ ಉರಿಯಲಿ. ಬಂದವನ ಮುಖ ನಿಮಗೆ ಕಾಣಲಿ, ಅವನ ಕೈಯಲ್ಲಿ ಏನಿದೆ ಎಂಬುದೂ ಕಾಣಲಿ.